ಮಗ್ಗ ಮನೆ ಬಿಟ್ಟು ಹೋದ ಮೇಲೆ: ವಿಕ್ಟೋರಿಯಾ ಕಾಲದ ಸ್ಕಾಟ್ಲೆಂಡಿನ ಗಿರಣಿ ಸಂಸಾರಗಳು

ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಊರಿನಲ್ಲಿ ಒಂದು ಸಣ್ಣ ಕಲ್ಲಿನ ಮನೆ ಇದೆ. ಕೆಳಗೆ ಮಗ್ಗ, ಮೇಲೆ ಸಂಸಾರ. 1835ರಲ್ಲಿ ಅದರ ಮೇಲಿನ ಕೋಣೆಯಲ್ಲಿ ಆಂಡ್ರೂ ಕಾರ್ನೆಗಿ ಹುಟ್ಟಿದ. ಮುಂದೆ ಅಮೆರಿಕದಲ್ಲಿ ಉಕ್ಕಿನ ವ್ಯಾಪಾರದಿಂದ ಅಪಾರ ದುಡ್ಡು ಮಾಡಿದವನು ಅವನೇ. ಆ ದುಡ್ಡಿನ ಕಥೆಯನ್ನು ಬೇಕಾದಷ್ಟು ಜನ ಹೇಳಿದ್ದಾರೆ. ನನ್ನ ಮನಸ್ಸು ಹೋಗುವುದು ಆ ಕೆಳಗಿನ ಕೋಣೆಯ ಕಡೆಗೆ.

ಕಾರ್ನೆಗಿಯ ಅಪ್ಪ ವಿಲಿಯಂ ಡಮಾಸ್ಕ್ ನೇಯುತ್ತಿದ್ದ. ನೇಯ್ಗೆಯಲ್ಲೇ ಹೂಬಳ್ಳಿ ಮೂಡುವ ಲಿನನ್ ಬಟ್ಟೆ ಅದು. ಸಿರಿವಂತರ ಊಟದ ಮೇಜಿನ ಮೇಲೆ ಹಾಸುವಂಥದ್ದು. ವ್ಯಾಪಾರಿಯಿಂದ ನೂಲು ಬರುತ್ತಿತ್ತು, ನೇಯ್ದ ಬಟ್ಟೆ ವ್ಯಾಪಾರಿಗೇ ಹೋಗುತ್ತಿತ್ತು, ನೇಕಾರನಿಗೆ ಕೂಲಿ ಸಿಗುತ್ತಿತ್ತು. ಆದರೆ ಮಗ್ಗ ಅವನದು, ಹೊತ್ತೂ ಅವನದು. ಇಂಥ ಮನೆಗಳಲ್ಲಿ ಅಪ್ಪ ಮಗ್ಗಕ್ಕೆ ಕೂತರೆ ಹೆಂಡತಿ, ಮಕ್ಕಳು ಕಂಡಿಕೆ ಸುತ್ತಿ ಕೊಡುತ್ತಿದ್ದರು. ಹಸಿವಾದಾಗ ಊಟ, ಬೇಸರವಾದಾಗ ಬೀದಿಯಲ್ಲಿ ನಾಲ್ಕು ಮಾತು. ಲಾಳಿ ಓಡಾಡುತ್ತಿರುವಾಗಲೇ ರಾಜಕೀಯದ ಚರ್ಚೆ. ಸ್ಕಾಟ್ಲೆಂಡಿನ ಕೈಮಗ್ಗದವರಿಗೆ ಓದಿನ ಹುಚ್ಚು ಜಾಸ್ತಿ. ವಿಲಿಯಂ ಕೂಡ ಇನ್ನು ಕೆಲವು ನೇಕಾರರ ಜೊತೆ ಸೇರಿ, ತಮ್ಮ ತಮ್ಮ ಮನೆಯ ಪುಸ್ತಕಗಳನ್ನೇ ಒಟ್ಟು ಮಾಡಿ, ಊರಿಗೊಂದು ಲೈಬ್ರರಿ ಶುರು ಮಾಡಿದ್ದ.

1847ರಲ್ಲಿ ಆ ಊರಿಗೆ ಉಗಿಯಂತ್ರದ ಮಗ್ಗಗಳ ಕಾರ್ಖಾನೆ ಬಂತು. ವಿಲಿಯಂನ ಕೆಲಸ ಹೋಯಿತು. ಅಷ್ಟು ದಿನ ಗಂಡನ ಮಗ್ಗದಿಂದ ನಡೆದಿದ್ದ ಮನೆ ಈಗ ಹೆಂಡತಿ ಮಾರ್ಗರೆಟ್‌ಳ ಮೇಲೆ ಬಿತ್ತು. ಆಕೆ ಚಿಕ್ಕ ಅಂಗಡಿ ಇಟ್ಟಳು, ರಾತ್ರಿ ಕೂತು ಬೂಟುಗಳಿಗೆ ಹೊಲಿಗೆ ಹಾಕಿದಳು. 1848ರಲ್ಲಿ ಸಂಸಾರ ಮಗ್ಗಗಳನ್ನು ಸಿಕ್ಕ ಬೆಲೆಗೆ ಮಾರಿ, ಸಾಲ ಮಾಡಿ, ಅಮೆರಿಕಕ್ಕೆ ಹಡಗು ಹತ್ತಿತು.

ಹಡಗು ಹತ್ತಲು ಆಗದವರು ಏನು ಮಾಡಿದರು? ಗಿರಣಿಗೆ ಹೋದರು. ನಾವು ಸಾಮಾನ್ಯವಾಗಿ ಇದನ್ನು ಯಂತ್ರ ಬಂದು ಕೈಕೆಲಸ ಹೋದ ಕಥೆ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆದರೆ ಮಗ್ಗ ಮನೆಯಿಂದ ಆಚೆ ಹೋದಾಗ ಮನೆಯೊಳಗಿನ ಲೆಕ್ಕವೆಲ್ಲ ಅದಲು ಬದಲಾಯಿತು. ದುಡಿಯುವವರು ಯಾರು, ಒಲೆ ಹಚ್ಚುವವರು ಯಾರು, ಮಗುವನ್ನು ನೋಡಿಕೊಳ್ಳುವವರು ಯಾರು, ಸಂಬಳ ಯಾರ ಕೈಗೆ ಬೀಳುತ್ತದೆ, ಎಲ್ಲವೂ. ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಡಂಡೀ ಎಂಬ ಊರಿನಲ್ಲಿ. ಹಾಗಾಗಿ ಅಲ್ಲಿಗೆ ಹೋಗೋಣ.

ಡಂಡೀ ಇರುವುದು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಟೇ ನದಿ ಸಮುದ್ರ ಸೇರುವ ಕಡೆ. ನಮಗೂ ಆ ಊರಿಗೂ ಒಂದು ನಂಟಿದೆ. ರಾಗಿ, ಭತ್ತ, ಅಡಿಕೆ ತುಂಬುವ ಗೋಣಿಚೀಲ ಗೊತ್ತಲ್ವಾ? ಇಂಗ್ಲಿಷಿನವರು ಅದನ್ನು ಗನ್ನಿ ಅನ್ನುತ್ತಾರೆ. ಆ ಮಾತು ಅವರಿಗೆ ಹೋದದ್ದು ನಮ್ಮ ದೇಶದ ಗೋಣಿಯಿಂದಲೇ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲೋಕದ ಕಾಫಿ, ಸಕ್ಕರೆ, ಗೋಧಿ, ಹತ್ತಿ ಎಲ್ಲ ಓಡಾಡಿದ್ದು ಇಂಥ ಚೀಲಗಳಲ್ಲೇ. ಅವನ್ನು ಗಿರಣಿಯಲ್ಲಿ ನೇಯುವ ಕೆಲಸಕ್ಕೆ ದೊಡ್ಡ ಹೆಸರು ಮಾಡಿದ್ದು ಡಂಡೀ. ಸೆಣಬು ಬರುತ್ತಿದ್ದುದು ಬಂಗಾಳದಿಂದ.

ಅಷ್ಟು ದೂರದ ಊರಿಗೆ ಸೆಣಬು ಯಾಕೆ ಹೋಯಿತು? ಡಂಡೀಯಲ್ಲಿ ಮೊದಲಿನಿಂದ ಇದ್ದದ್ದು ಅಗಸೆ ನಾರಿನ ಕೆಲಸ. ನಾವು ಚಟ್ನಿಪುಡಿ ಮಾಡುವ ಅಗಸೆ ಬೀಜದ ಗಿಡವೇ ಅದು. ಅದರ ಕಾಂಡದ ನಾರಿನಿಂದ ಲಿನನ್ ಆಗುತ್ತದೆ. ಆ ನಾರು ರಷ್ಯಾ ಕಡೆಯಿಂದ ಬರುತ್ತಿತ್ತು. ಸೆಣಬು ಅದಕ್ಕಿಂತ ಬಹಳ ಅಗ್ಗ. ಆದರೆ ಒರಟು. ಒಣಗಿದ ಸೆಣಬನ್ನು ಯಂತ್ರಕ್ಕೆ ಹಾಕಿದರೆ ಎಳೆ ತುಂಡಾಗುತ್ತಿತ್ತು. 1830ರ ದಶಕದ ಹೊತ್ತಿಗೆ ಅದಕ್ಕೊಂದು ಉಪಾಯ ಸಿಕ್ಕಿತು. ತಿಮಿಂಗಿಲದ ಎಣ್ಣೆ ಮತ್ತು ನೀರು ಚಿಮುಕಿಸಿ ನೆನೆಸಿಟ್ಟರೆ ನಾರು ಮೆತ್ತಗಾಗಿ ಮಾತು ಕೇಳುತ್ತದೆ. ಡಂಡೀಯ ಬಂದರಿನಿಂದಲೇ ತಿಮಿಂಗಿಲ ಬೇಟೆಯ ಹಡಗುಗಳು ಉತ್ತರದ ಹಿಮದ ಕಡಲಿಗೆ ಹೋಗುತ್ತಿದ್ದವು. ನಾರು ನೂಲುವ ಗಿರಣಿ, ತಿಮಿಂಗಿಲದ ಎಣ್ಣೆ ಎರಡೂ ಒಂದೇ ಊರಲ್ಲಿ ಸಿಕ್ಕಿದವು.

1853ರಲ್ಲಿ ಕ್ರೈಮಿಯಾ ಯುದ್ಧ ಶುರುವಾಗಿ ರಷ್ಯಾದ ಅಗಸೆ ನಾರು ಬರುವುದು ಕಷ್ಟವಾಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ. ಯುದ್ಧ ಅಂದರೆ ಮರಳಿನ ಚೀಲ, ಗುಡಾರ, ಬಂಡಿಯ ಮೇಲಿನ ಹೊದಿಕೆ. ಡಂಡೀಯ ಗಿರಣಿಗಳು ಬಿಡುವಿಲ್ಲದೆ ನೇಯ್ದವು. ಊರಿನ ಪಕ್ಕದ ಲಾಕಿಯಲ್ಲಿ ಕಾಕ್ಸ್ ಸಹೋದರರ ಕ್ಯಾಂಪರ್‌ಡೌನ್ ಗಿರಣಿ ಬೆಳೆದು ಲೋಕದಲ್ಲೇ ಅತಿ ದೊಡ್ಡ ಸೆಣಬಿನ ಗಿರಣಿಯಾಯಿತು. ಒಂದು ಕಾಲಕ್ಕೆ ಅಲ್ಲಿ ಸುಮಾರು 5,000 ಜನ ದುಡಿಯುತ್ತಿದ್ದರು. 1860ರ ದಶಕದಲ್ಲಿ ಕಟ್ಟಿದ ಅದರ 282 ಅಡಿ ಎತ್ತರದ ಇಟ್ಟಿಗೆ ಚಿಮಣಿ ಇವತ್ತಿಗೂ ನಿಂತಿದೆ. 1841ರಲ್ಲಿ ಸುಮಾರು 63,000 ಇದ್ದ ಊರಿನ ಜನಸಂಖ್ಯೆ 1901ರ ಹೊತ್ತಿಗೆ 1,60,000 ದಾಟಿತು. ಬಂದವರಲ್ಲಿ ಸುತ್ತಲಿನ ಹಳ್ಳಿಗಳ ನೇಕಾರರಿದ್ದರು. ಐರ್ಲೆಂಡಿನ ಬರಗಾಲಕ್ಕೆ ಊರು ಬಿಟ್ಟ ಸಂಸಾರಗಳೂ ಇದ್ದವು. ಐರ್ಲೆಂಡಿನವರೇ ತುಂಬಿಕೊಂಡ ಲಾಕಿಗೆ ಪುಟ್ಟ ಟಿಪ್ಪರರಿ ಅಂತಲೇ ಹೆಸರು ಬಿತ್ತು.

ಗಿರಣಿಗೆ ಬೇಕಾಗಿದ್ದು ಹೆಂಗಸರು. ಇದು ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು. ಗೋಣಿಬಟ್ಟೆ ಅಗ್ಗದ ಮಾಲು. ಅದರಲ್ಲಿ ಕುಸುರಿ ಇಲ್ಲ, ಬಣ್ಣ ಇಲ್ಲ. ಒಂದು ಗಜಕ್ಕೆ ಎಷ್ಟು ಕಡಿಮೆ ಖರ್ಚಾಯಿತು ಅನ್ನುವುದರ ಮೇಲೆ ಲಾಭ ನಿಂತಿದೆ. ನಾರು ಯಾರಿಗಾದರೂ ಹೆಚ್ಚುಕಡಿಮೆ ಒಂದೇ ಬೆಲೆ. ಹಿಡಿತ ಮಾಡಲು ಸಿಗುವುದು ಕೂಲಿ. ಯಂತ್ರ ನಡೆಸಲು ತೋಳಿನ ಬಲ ಬೇಕಿಲ್ಲ, ಚುರುಕು ಬೆರಳು ಸಾಕು. ಹೆಂಗಸರಿಗೆ ಗಂಡಸಿಗಿಂತ ಬಹಳ ಕಡಿಮೆ ಕೊಟ್ಟರೆ ನಡೆಯುತ್ತಿತ್ತು, ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಹಾಗಾಗಿ ಸೆಣಬಿನ ಗಿರಣಿಗಳಲ್ಲಿ ಒಬ್ಬ ಗಂಡಸಿಗೆ ಸುಮಾರು ಮೂವರು ಹೆಂಗಸರ ಲೆಕ್ಕದಲ್ಲಿ ಕೆಲಸಗಾರರಿದ್ದರು. ಗಂಡುಹುಡುಗರನ್ನೂ ತೆಗೆದುಕೊಳ್ಳುತ್ತಿದ್ದರು. ಆದರೆ ಹದಿನೆಂಟು ತುಂಬಿ ದೊಡ್ಡವರ ಸಂಬಳ ಕೊಡಬೇಕಾದ ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸುತ್ತಿದ್ದರು. ಎಂಟು ಹತ್ತು ವರ್ಷ ಯಂತ್ರದ ಜೊತೆ ಬೆಳೆದ ಹುಡುಗ ಮೀಸೆ ಬಂದ ತಕ್ಷಣ ಕೆಲಸವಿಲ್ಲದವನಾಗುತ್ತಿದ್ದ. ಹಡಗುಕಟ್ಟೆ, ಕಬ್ಬಿಣದ ಕೆಲಸ, ಬಂದರಿನ ಹಮಾಲಿ ಎಲ್ಲ ಇದ್ದವು, ಆದರೆ ಅವು ಎಷ್ಟು ಜನಕ್ಕೆ ಸಾಕು? ಕೆಲವರು ಸೈನ್ಯ ಸೇರಿದರು. ಕೆಲವರು ಮನೆಯಲ್ಲೇ ಉಳಿದರು.

ಹಾಗೆ ಉಳಿದ ಗಂಡಂದಿರಿಗೆ ಡಂಡೀಯಲ್ಲಿ ಒಂದು ಹೆಸರಿತ್ತು. 'ಕೆಟಲ್ ಬೈಲರ್'. ನೀರು ಕಾಯಿಸಿ ಇಡುವವನು ಅಂತ. ಹೆಂಡತಿ ಗಿರಣಿಯಿಂದ ಬರುವ ಹೊತ್ತಿಗೆ ಟೀಗೆ ಕೆಟಲ್ ಇಟ್ಟು ಕಾಯುವ ಗಂಡ. ಊರಿಗೇ 'ಹೆಂಗಸರ ಪಟ್ಟಣ' ಅನ್ನುವ ಅಡ್ಡಹೆಸರು ಬಿತ್ತು. ಎರಡು ಹೆಸರಿನಲ್ಲೂ ಕುಹಕ ಇದೆ. ಆದರೆ ನನಗೆ ಇದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ಅವನನ್ನು ಹದಿನೆಂಟಕ್ಕೆ ಆಚೆ ಹಾಕಿದ್ದು ಗಿರಣಿಯ ಲೆಕ್ಕದ ಪುಸ್ತಕ. ಬೈಗುಳ ಮಾತ್ರ ಅವನಿಗೆ ಸೋಮಾರಿ ಅಂತ, ಅವಳಿಗೆ ಗಂಡುಬೀರಿ ಅಂತ. ಇನ್ನೊಂದು ಮಾತು. ಮನೆಯಲ್ಲಿ ಕೂತ ಎಲ್ಲ ಗಂಡಸರೂ ಮನೆಕೆಲಸ ಮಾಡುತ್ತಿದ್ದರು ಅಂತ ತಿಳಿಯಬೇಡಿ. ಎಷ್ಟೋ ಮನೆಗಳಲ್ಲಿ ಬಟ್ಟೆ ಒಗೆಯುವುದು, ಮೆಟ್ಟಿಲು ತೊಳೆಯುವುದು, ಮಕ್ಕಳ ತಲೆ ಬಾಚುವುದು ಎಲ್ಲ ಗಿರಣಿಯಿಂದ ಬಂದ ಹೆಂಗಸಿಗೇ ಕಾದಿರುತ್ತಿತ್ತು.

ಅವಳ ದಿನ ಶುರುವಾಗುತ್ತಿದ್ದುದು ಗಿರಣಿಯ ಕೂಗಿನಿಂದ. ಡಂಡೀ ಜನ ಅದನ್ನು 'ಬಮ್ಮರ್' ಅನ್ನುತ್ತಿದ್ದರು. ಒಂದೊಂದು ಗಿರಣಿಗೂ ಒಂದೊಂದು ಕೂಗು. ಕೆಲಸ ಬೆಳಿಗ್ಗೆ ಆರಕ್ಕೆ. ಚಳಿಗಾಲದಲ್ಲಿ ಅಲ್ಲಿ ಬೆಳಕಾಗುವುದೇ ಎಂಟೂವರೆಯ ಮೇಲೆ. ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಬರಬೇಕು. 1850ರ ಕಾನೂನಿನಂತೆ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ, ನಡುವೆ ತಿಂಡಿ ಊಟಕ್ಕೆ ಒಂದೂವರೆ ಗಂಟೆ ಬಿಡುವು, ಶನಿವಾರ ಮಧ್ಯಾಹ್ನ ಎರಡಕ್ಕೆ ರಜೆ. ಹೀಗೆ ಕಾನೂನು ಕಟ್ಟಿಹಾಕಿದ ಮೇಲೂ ವಾರಕ್ಕೆ ಅರವತ್ತು ಗಂಟೆ.

ಗಿರಣಿಯೊಳಗೆ ಎಲ್ಲ ಕೆಲಸವೂ ಒಂದೇ ಅಲ್ಲ. ಕೆಳಗಿನ ವಿಭಾಗದಲ್ಲಿ ಬೇಲು ಒಡೆಯುವುದು, ಎಣ್ಣೆ ನೀರಲ್ಲಿ ನೆನೆಸುವುದು, ನಾರು ಬಾಚುವುದು. ಅಲ್ಲಿ ಧೂಳು ಅಂದರೆ ಧೂಳು. ಅವರ ಮಾತಲ್ಲಿ ಅದು 'ಸ್ಟೂರ್'. ಮೂಗು, ಬಾಯಿ, ಕೂದಲು, ಊಟದ ಬ್ರೆಡ್ಡು, ಎಲ್ಲದರಲ್ಲೂ ಅದೇ. ಹೊಸದಾಗಿ ಸೇರಿದವರಿಗೆ ಮೊದಲ ದಿನಗಳಲ್ಲಿ ಜ್ವರ ಬರುತ್ತಿತ್ತು. ಗಿರಣಿ ಜ್ವರ ಅಂತಲೇ ಅದಕ್ಕೆ ಹೆಸರು. ಎಣ್ಣೆಯ ವಾಸನೆ ಬಟ್ಟೆಗೆ ಹತ್ತಿ ಮನೆವರೆಗೂ ಬರುತ್ತಿತ್ತು. ಅದರ ಮೇಲೆ ನೂಲುವ ವಿಭಾಗ. ಕೊನೆಗೆ ನೇಯ್ಗೆ. ನೇಯುವ ಹೆಂಗಸರು ಟೋಪಿ, ಕೈಗವಸು ಹಾಕಿಕೊಂಡು ಕೆಲಸಕ್ಕೆ ಬರುತ್ತಿದ್ದರು. ನೂಲುವವರು ಬರಿತಲೆ, ಇಲ್ಲವೇ ಶಾಲು. ಇಬ್ಬರೂ ಅದೇ ಬೀದಿಯವರು, ಅದೇ ವಠಾರದವರು. ಆದರೂ ನೇಯುವವಳು ನೂಲುವವಳ ಜೊತೆ ದಾರಿಯಲ್ಲಿ ನಡೆಯಲು ಹಿಂದೆಮುಂದೆ ನೋಡುತ್ತಿದ್ದಳು. ಬಡವರ ನಡುವೆಯೂ ಎಷ್ಟು ಮೆಟ್ಟಿಲುಗಳು ನೋಡಿ.

ಯಂತ್ರಗಳ ಸದ್ದಿಗೆ ಕಿವಿಯ ಪಕ್ಕ ಕೂಗಿದರೂ ಕೇಳುತ್ತಿರಲಿಲ್ಲ. ಹಾಗಂತ ಹೆಂಗಸರು ಮಾತು ಬಿಡಲಿಲ್ಲ. ತುಟಿ ಓದುವುದನ್ನು ಕಲಿತರು, ಕೈಸನ್ನೆ ಕಟ್ಟಿಕೊಂಡರು. ಉದ್ದನೆಯ ಹಜಾರದ ಆ ತುದಿಯಿಂದ ಈ ತುದಿಗೆ, ಮೇಸ್ತ್ರಿಯ ಬೆನ್ನ ಹಿಂದೆಯೇ ಸುದ್ದಿ ಹೋಗುತ್ತಿತ್ತು. ವಯಸ್ಸಾಗುವ ಹೊತ್ತಿಗೆ ತುಂಬಾ ಜನಕ್ಕೆ ಕಿವಿ ಮಂದವಾಗುತ್ತಿತ್ತು. ಆಗ ಮನೆಯಲ್ಲೂ ಅದೇ ಕೈಸನ್ನೆ ಉಪಯೋಗಕ್ಕೆ ಬರುತ್ತಿತ್ತು.

ಈಗ ಮನೆಯೊಳಗೆ ಬರೋಣ. 1861ರ ಜನಗಣತಿಯ ಪ್ರಕಾರ ಇಡೀ ಸ್ಕಾಟ್ಲೆಂಡಿನಲ್ಲಿ ಸುಮಾರು ಮೂರರಲ್ಲಿ ಒಂದು ಮನೆಗೆ ಇದ್ದದ್ದು ಒಂದೇ ಕೋಣೆ. ಇನ್ನು ಮೂರನೆಯ ಒಂದು ಭಾಗಕ್ಕೆ ಎರಡು ಕೋಣೆ. ಡಂಡೀಯ ಗಿರಣಿ ಜನ ಇದ್ದದ್ದು ನಾಲ್ಕು ಅಂತಸ್ತಿನ ಕಲ್ಲಿನ ವಠಾರಗಳಲ್ಲಿ. ಬೀದಿಯಿಂದ ಒಂದು ಕತ್ತಲೆ ಓಣಿ ಹೊಕ್ಕು ಹಿಂದಕ್ಕೆ ಹೋದರೆ ಮೆಟ್ಟಿಲು. ಹಿಂಭಾಗದಲ್ಲಿ ಪ್ರತಿ ಅಂತಸ್ತಿಗೂ ಉದ್ದಕ್ಕೆ ಚಾಚಿದ ಕಲ್ಲಿನ ಜಗಲಿ, ಅದಕ್ಕೆ ಕಬ್ಬಿಣದ ಕಂಬಿ. ಅದನ್ನು 'ಪ್ಲೆಟ್ಟಿ' ಅನ್ನುತ್ತಾರೆ. ಮನೆಗಳ ಬಾಗಿಲು ತೆರೆಯುವುದು ಆ ಜಗಲಿಗೆ. ಬಟ್ಟೆ ಒಣಗುವುದು ಅಲ್ಲಿ, ಮಕ್ಕಳು ಆಡುವುದು ಅಲ್ಲಿ, ಅಕ್ಕಪಕ್ಕದವರ ಜಗಳ ರಾಜಿ ಎಲ್ಲ ಅಲ್ಲೇ. ನಮ್ಮ ವಠಾರಗಳಲ್ಲಿ ಬೆಳೆದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಒಳಗೆ ಒಂದು ಒಲೆ. ಅದೇ ಅಡುಗೆಗೂ, ಚಳಿ ಕಾಯಿಸುವುದಕ್ಕೂ, ಬಟ್ಟೆ ಒಣಗಿಸುವುದಕ್ಕೂ. ಗೋಡೆಯ ಗೂಡಿನಲ್ಲಿ ಸೇರಿಸಿಟ್ಟ ಮಂಚ. ಅದರ ಕೆಳಗೆ ಹಗಲು ತಳ್ಳಿಟ್ಟು ರಾತ್ರಿ ಎಳೆಯುವ ಇನ್ನೊಂದು ಹಾಸಿಗೆ. ಅಪ್ಪ, ಅಮ್ಮ, ಐದಾರು ಮಕ್ಕಳು, ಎಷ್ಟೋ ಸಲ ಬಾಡಿಗೆಗೆ ಇಟ್ಟುಕೊಂಡ ಒಬ್ಬ ಹೊರಗಿನ ಹುಡುಗಿಯೂ. ಶೌಚಾಲಯದ ವಿಷಯದಲ್ಲಿ ಒಂದು ಲೆಕ್ಕ ಇದೆ. 1861ರಲ್ಲಿ ಸುಮಾರು 90,000 ಜನರಿದ್ದ ಡಂಡೀಯಲ್ಲಿ ನೀರು ಹಾಯಿಸುವ ಶೌಚಾಲಯ ಇದ್ದದ್ದು ಬರೀ ಐದು. ಅದರಲ್ಲಿ ಮೂರು ಹೋಟೆಲುಗಳಲ್ಲಿ. ಉಳಿದವರಿಗೆ ಅಂಗಳದ ಗುಂಡಿ, ಇಲ್ಲವೇ ಬಕೆಟ್ಟು. ಲಿಂಟ್ರಾಥನ್ ಕೆರೆಯಿಂದ ಊರಿಗೆ ಒಳ್ಳೆಯ ನೀರು ಬಂದದ್ದು 1875ರಲ್ಲಿ.

ಇಂಥದ್ದೇ ಒಂದು ಒಂಟಿ ಕೋಣೆಗೆ 1859ರಲ್ಲಿ ಸ್ಲೆಸರ್ ಸಂಸಾರ ಬಂತು. ಆಬರ್ಡೀನ್‌ನಿಂದ ಬಂದವರು. ಅಪ್ಪ ರಾಬರ್ಟ್ ಚಪ್ಪಲಿ ಹೊಲಿಯುವವನು. ಕುಡಿತ ಹತ್ತಿ ಕಸುಬು ಕೈತಪ್ಪಿತ್ತು. ಅಮ್ಮ ಒಳ್ಳೆಯ ನೇಕಾರಳು. ಏಳು ಮಕ್ಕಳಲ್ಲಿ ಚಿಕ್ಕಂದಿನಲ್ಲೇ ತೀರಿಹೋಗದೆ ಬೆಳೆದವು ನಾಲ್ಕೇ. ಎರಡನೆಯವಳು ಮೇರಿ. ಅವಳು ಮುಂದೆ ಕ್ರೈಸ್ತ ಮಿಷನರಿಯಾಗಿ ಆಫ್ರಿಕಾದ ಕಲಬಾರಿಗೆ ಹೋಗಿ, ಅವಳಿ ಮಕ್ಕಳನ್ನು ಕೊಲ್ಲುವ ಪದ್ಧತಿಯ ವಿರುದ್ಧ ನಿಂತ ಮೇರಿ ಸ್ಲೆಸರ್ ಅಂತ ಹೆಸರಾದಳು. ಸ್ಕಾಟ್ಲೆಂಡಿನ ಒಂದು ಬ್ಯಾಂಕಿನ ನೋಟಿನ ಮೇಲೂ ಅವಳ ಚಿತ್ರ ಬಂತು. ಹಾಗಾಗಿ ಅವಳ ಬಾಲ್ಯದ ಮನೆ ಹೇಗಿತ್ತು ಅನ್ನುವುದು ಬರಹದಲ್ಲಿ ಉಳಿದಿದೆ. ಉಳಿದ ಸಾವಿರಾರು ಮನೆಗಳದ್ದು ಉಳಿದಿಲ್ಲ.

ಹನ್ನೊಂದನೆಯ ವಯಸ್ಸಿಗೆ ಮೇರಿ ಬ್ಯಾಕ್ಸ್‌ಟರ್ ಸಹೋದರರ ಗಿರಣಿಗೆ 'ಹಾಫ್ ಟೈಮರ್' ಆಗಿ ಸೇರಿದಳು. ಅಂದರೆ ಅರ್ಧ ದಿನ ಗಿರಣಿ, ಅರ್ಧ ದಿನ ಗಿರಣಿಯವರೇ ನಡೆಸುವ ಶಾಲೆ. ಕೆಲವು ಕಡೆ ಒಂದು ದಿನ ಗಿರಣಿ, ಮಾರನೆಯ ದಿನ ಶಾಲೆ. 1844ರ ಕಾನೂನು ಎಂಟು ವರ್ಷದ ಮಕ್ಕಳನ್ನೂ ಹೀಗೆ ದುಡಿಸಲು ಒಪ್ಪಿತ್ತು. ಆಮೇಲೆ ಅದು ಹತ್ತು, ಹನ್ನೊಂದು, 1901ರ ಹೊತ್ತಿಗೆ ಹನ್ನೆರಡು ಅಂತ ಮೆಲ್ಲಗೆ ಏರಿತು. 1872ರಲ್ಲಿ ಸ್ಕಾಟ್ಲೆಂಡಿನಲ್ಲಿ ಐದರಿಂದ ಹದಿಮೂರರವರೆಗೆ ಶಾಲೆ ಕಡ್ಡಾಯವಾಯಿತು. ಆದರೂ ಅರ್ಧದಿನದ ಪದ್ಧತಿ ಡಂಡೀಯಲ್ಲಿ ಬಹಳ ಕಾಲ ಉಳಿಯಿತು. ಯಾಕೆಂದರೆ ಅದು ಗಿರಣಿಗೂ ಬೇಕಿತ್ತು, ಮನೆಗೂ ಬೇಕಿತ್ತು. ತುಂಬಿದ ಬಾಬಿನ್ ತೆಗೆದು ಖಾಲಿ ಬಾಬಿನ್ ಹಾಕಲು ಪುಟ್ಟ ಕೈಗಳೇ ಬೇಕು. ಸೀಟಿ ಊದಿದ ತಕ್ಷಣ ಮಕ್ಕಳ ದಂಡು ಓಡಬೇಕು. ಯಂತ್ರ ನಿಂತಷ್ಟು ಹೊತ್ತು ನಷ್ಟ. ಹೀಗೆ ಓಡಾಡಿ ಬಂದ ಮಗು ಶಾಲೆಯ ಬೆಂಚಿನ ಮೇಲೆ ಎಷ್ಟು ಹೊತ್ತು ಕಣ್ಣು ಬಿಟ್ಟುಕೊಂಡು ಕೂರುತ್ತದೆ ಹೇಳಿ.

ಮೇರಿ ಮೊದಲ ಕೂಲಿ ತಂದು ಅಮ್ಮನ ಕೈಗಿಟ್ಟಳು. ಅಮ್ಮ ಅದನ್ನು ನೋಡಿ ಅತ್ತಳಂತೆ. ಖರ್ಚು ಮಾಡಲು ಮನಸ್ಸು ಬಾರದೆ ಎತ್ತಿಟ್ಟಳಂತೆ. ಆ ನಾಲ್ಕು ಕಾಸಿನಿಂದ ಮನೆಗೆ ಎಷ್ಟು ಆಸರೆ ಅನ್ನುವುದು ಅಮ್ಮನಿಗೆ ಗೊತ್ತು. ಅದಕ್ಕೆ ಮಗಳು ಏನು ಕೊಟ್ಟು ಬಂದಿದ್ದಾಳೆ ಅನ್ನುವುದೂ ಗೊತ್ತು. ಅವಳೂ ಗಿರಣಿಯವಳೇ ತಾನೆ. ನಾನು ಈ ವಿಷಯದಲ್ಲಿ ಓದಿದ್ದರಲ್ಲೆಲ್ಲ ಮನಸ್ಸಿನಿಂದ ಹೋಗದೆ ಉಳಿದದ್ದು ಇದೊಂದು ಚಿತ್ರ.

ಹದಿನಾಲ್ಕಕ್ಕೆ ಮೇರಿ ಪೂರ್ತಿ ದಿನದ ನೇಕಾರಳಾದಳು. ಮಗ್ಗದ ಮೇಲೆ ಪುಸ್ತಕ ಒರಗಿಸಿಟ್ಟುಕೊಂಡು, ಸಿಕ್ಕ ಸಿಕ್ಕ ಬಿಡುವಿನಲ್ಲಿ ಓದುತ್ತಿದ್ದಳು. ದಾರಿಯಲ್ಲಿ ನಡೆಯುತ್ತಲೂ ಓದುತ್ತಿದ್ದಳು. ಶನಿವಾರದ ರಾತ್ರಿ ಮಾತ್ರ ಓದಿಲ್ಲ. ಅದು ಸಂಬಳದ ರಾತ್ರಿ, ಅಪ್ಪ ಕುಡಿದು ಬರುವ ರಾತ್ರಿ. ಅಮ್ಮ ಮಗಳು ಹೊಲಿಗೆ ಹಿಡಿದುಕೊಂಡು ಕಾಯುತ್ತಾ ಕೂರುತ್ತಿದ್ದರು. ಅವನಿಗೆಂದು ತಾವು ಉಣ್ಣದೆ ಎತ್ತಿಟ್ಟ ಊಟವನ್ನು ಅವನು ಒಲೆಗೆ ಎಸೆದದ್ದಿದೆ. ಮಗಳನ್ನು ರಾತ್ರೋರಾತ್ರಿ ಬೀದಿಗೆ ತಳ್ಳಿದ್ದೂ ಇದೆ. ಬೆಳಿಗ್ಗೆ ಚರ್ಚಿಗೆ ಹೋಗುವಾಗ ಯಾರಿಗೂ ಗೊತ್ತಾಗದ ಹಾಗೆ ಮುಖ ಇಟ್ಟುಕೊಳ್ಳಬೇಕಿತ್ತು. ಮನೆಯ ಮರ್ಯಾದೆ ಮುಚ್ಚಿಡುವ ಕೆಲಸವೂ ಹೆಂಗಸರದ್ದೇ.

ಸಂಬಳದ ಲೆಕ್ಕ ಇಂಥ ಮನೆಗಳಲ್ಲಿ ಹೇಗೆ ನಡೆಯುತ್ತಿತ್ತು ಅಂದರೆ, ದುಡಿಯುವ ಮಕ್ಕಳು ಸಂಬಳವನ್ನು ಹಾಗೇ ತಂದು ಅಮ್ಮನ ಕೈಗೆ ಕೊಡಬೇಕು. ಅವಳು ಅದರಲ್ಲಿ ಸ್ವಲ್ಪ ಕೈಖರ್ಚಿಗೆ ವಾಪಸ್ಸು ಕೊಡುತ್ತಾಳೆ. ಬಾಡಿಗೆ, ಕಲ್ಲಿದ್ದಲು, ಅಂಗಡಿಯ ಬಾಕಿ ತೀರುವ ಹೊತ್ತಿಗೆ ವಾರದ ಕೊನೆ ಇನ್ನೂ ದೂರ. ಆಗ ಗಿರವಿ ಅಂಗಡಿ. ಭಾನುವಾರ ಚರ್ಚಿಗೆ ಹಾಕಿಕೊಂಡ ಕೋಟು ಸೋಮವಾರ ಗಿರವಿಗೆ ಹೋಗಿ ಶನಿವಾರ ಮನೆಗೆ ಬರುತ್ತಿತ್ತು. ಮೇರಿಯೂ ಗಂಟು ಹಿಡಿದುಕೊಂಡು, ಯಾರೂ ನೋಡದ ಹಾಗೆ ಅಲ್ಲಿಗೆ ಹೋಗಿ ಬಂದವಳೇ.

ಮದುವೆಯಾದ ಮೇಲೂ ಡಂಡೀಯ ಹೆಂಗಸರು ಕೆಲಸ ಬಿಡುತ್ತಿರಲಿಲ್ಲ. 1911ರ ಗಣತಿಯ ಹೊತ್ತಿಗೂ ಅಲ್ಲಿ ಮದುವೆಯಾದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬಳು ಕೂಲಿಗೆ ಹೋಗುತ್ತಿದ್ದಳು. ಗ್ಲಾಸ್ಗೋದಂಥ ಊರುಗಳಲ್ಲಿ ಇದು ತೀರಾ ಕಡಿಮೆ. ಹಾಗಾದರೆ ಎಳೆಮಗು? ಅಜ್ಜಿಯ ಹತ್ತಿರ, ಪಕ್ಕದ ಮನೆಯವಳ ಹತ್ತಿರ, ಇಲ್ಲವೇ ಕಾಸು ಕೊಟ್ಟು ಯಾರಾದರೂ ಮುದುಕಿಯ ಹತ್ತಿರ. ಹೆತ್ತ ಕೆಲವೇ ವಾರಕ್ಕೆ ತಾಯಿ ಗಿರಣಿಗೆ ವಾಪಸ್ಸು. ಮಗುವಿಗೆ ಎದೆಹಾಲಿನ ಬದಲು ನೀರು ಬೆರೆಸಿದ ಹಾಲು, ನೆನೆಸಿದ ಬ್ರೆಡ್ಡು. ಅಳು ನಿಲ್ಲಿಸಲು ಆ ಕಾಲದ ಇಡೀ ಬ್ರಿಟನ್ನಿನ ಬಡವರು ಕೊಡುತ್ತಿದ್ದ ಔಷಧಿ ಒಂದಿತ್ತು, ಅಫೀಮು ಬೆರೆಸಿದ ಸಿಹಿ ದ್ರಾವಣ. ಅಂಗಡಿಯಲ್ಲಿ ಸುಮ್ನೆ ಸಿಗುತ್ತಿತ್ತು. ಎಳೆಮಕ್ಕಳ ಸಾವಿನಲ್ಲಿ ಡಂಡೀಗೆ ಕೆಟ್ಟ ಹೆಸರಿತ್ತು.

ಇದನ್ನು ನೋಡಿದ ದೊಡ್ಡ ಮನೆಯವರು ಏನಂದರು? ಗಿರಣಿ ಹೆಂಗಸರಿಗೆ ಅಡುಗೆ ಬರುವುದಿಲ್ಲ, ಮಕ್ಕಳ ಮೇಲೆ ಪ್ರೀತಿ ಇಲ್ಲ ಅಂದರು. ಸ್ವಲ್ಪ ಲೆಕ್ಕ ಹಾಕಿ ನೋಡಿ. ಹಳ್ಳಿಯ ಸ್ಕಾಟ್ಲೆಂಡಿನ ಊಟ ಓಟ್ಸ್ ಗಂಜಿ, ಬಾರ್ಲಿ ತರಕಾರಿ ಹಾಕಿದ ಸಾರು, ಆಲೂಗಡ್ಡೆ, ಹೆರಿಂಗ್ ಮೀನು. ಹೊಟ್ಟೆ ತುಂಬುವ, ಮೈಗೆ ಹತ್ತುವ ಊಟ. ಆದರೆ ಸಾರು ಕುದಿಯಲು ಎರಡು ಮೂರು ಗಂಟೆ ಬೇಕು. ಒಲೆಯ ಮುಂದೆ ಒಬ್ಬರು ಇರಬೇಕು. ಗಿರಣಿಯಿಂದ ಊಟದ ಬಿಡುವಿಗೆ ಓಡಿ ಬಂದು, ಆರಿದ ಒಲೆ ಹೊತ್ತಿಸಿ, ಮಕ್ಕಳಿಗೆ ಇಟ್ಟು, ತಾನೂ ತಿಂದು ಮತ್ತೆ ಓಡುವವಳು ಏನು ಮಾಡಿಯಾಳು? ಬ್ರೆಡ್ಡು, ಅದರ ಮೇಲೆ ಜಾಮು ಇಲ್ಲವೇ ಕಾಕಂಬಿ, ಒಂದು ಲೋಟ ಟೀ. ಅದನ್ನೇ ಅವರು ತಿಂದರು. ಡಂಡೀಯಲ್ಲಿ ಮೇರಿ ಲಿಲಿ ವಾಕರ್ ಅನ್ನುವ ಮಹಿಳೆ ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರು. ಬೈಯುವ ಬದಲು ಮನೆಮನೆಗೆ ಹೋಗಿ ಲೆಕ್ಕ ಬರೆಸಿದರು. 1905ರಲ್ಲಿ ಆ ವರದಿ ಬಂತು. ಮರುವರ್ಷ ಬಾಣಂತಿಯರಿಗೆ ಬಿಸಿಯೂಟ ಕೊಡುವ ಊಟದ ಮನೆ ಶುರುವಾಯಿತು. ವಿಕ್ಟೋರಿಯಾ ರಾಣಿ ತೀರಿಕೊಂಡು ಆಗಲೇ ಐದು ವರ್ಷ. ಅಷ್ಟು ತಡವಾಗಿ.

ಇಷ್ಟೆಲ್ಲ ಕಷ್ಟ ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಸ್ವಂತ ಸಂಬಳ ಇದ್ದ ಹುಡುಗಿಯರಿಗೆ ಒಂದು ಧೈರ್ಯ ಬಂದಿತ್ತು. ಶನಿವಾರ ಸಂಜೆ ಬೀದಿ ತುಂಬ ಅವರೇ. ಗಟ್ಟಿ ದನಿ, ಗಟ್ಟಿ ನಗು, ಹೊಸ ಟೋಪಿ. ಕೂಲಿ ಕಡಿತ ಮಾಡಿದರೆ ಸಂಘ, ನಾಯಕರು ಅಂತ ಕಾಯುತ್ತಿರಲಿಲ್ಲ. ಯಂತ್ರ ಬಿಟ್ಟು ಬೀದಿಗಿಳಿದು, ಕೈ ಕೈ ಹಿಡಿದು, ಹಾಡುತ್ತಾ ಕುಣಿಯುತ್ತಾ ಇನ್ನೊಂದು ಗಿರಣಿಯ ಬಾಗಿಲಿಗೆ ಹೋಗಿ ಅಲ್ಲಿಯವರನ್ನೂ ಕರೆಯುತ್ತಿದ್ದರು. ಮಾಲೀಕರ ಅಣಕು ಮಾಡುತ್ತಿದ್ದರು. 1885ರಲ್ಲಿ ಹೆನ್ರಿ ವಿಲಿಯಮ್ಸನ್ ಅನ್ನುವ ಪಾದ್ರಿ ಗಿರಣಿ ಕೆಲಸಗಾರರ ಸಂಘ ಕಟ್ಟಿದ. ಮಾತುಕತೆಯೇ ದಾರಿ, ಮುಷ್ಕರ ಬೇಡ ಅನ್ನುವವನು ಅವನು. ಹುಡುಗಿಯರು ಅವನ ಮಾತು ಕೇಳಿದ್ದು ಕಡಿಮೆ.

ಮಾಲೀಕರು ಕೆಟ್ಟವರೇ ಅಂತ ಹೇಳಲಾರೆ. ಮೇರಿ ದುಡಿದ ಗಿರಣಿಯ ಡೇವಿಡ್ ಬ್ಯಾಕ್ಸ್‌ಟರ್ ಮನೆತನ 1863ರಲ್ಲಿ ಊರಿನ ಜನರಿಗೆ ಒಂದು ದೊಡ್ಡ ಉದ್ಯಾನ ಕೊಟ್ಟಿತು. ಅದೇ ಮನೆತನದ ಮೇರಿ ಆನ್ ಬ್ಯಾಕ್ಸ್‌ಟರ್ ಕೊಟ್ಟ ದುಡ್ಡಿನಿಂದ 1881ರಲ್ಲಿ ಕಾಲೇಜು ಶುರುವಾಯಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಗಿರಣಿಯ ಲಾಭದ ದೊಡ್ಡ ಪಾಲು ವಠಾರಗಳಿಗೆ ಬರಲಿಲ್ಲ. ಊರಾಚೆ ಬ್ರೌಟಿ ಫೆರಿಯಲ್ಲಿ ಮಾಲೀಕರ ಬಂಗಲೆಗಳು ಎದ್ದವು. 1873ರಲ್ಲಿ ರಾಬರ್ಟ್ ಫ್ಲೆಮಿಂಗ್ ಕಟ್ಟಿದ ಹೂಡಿಕೆ ಕಂಪನಿಯ ಮೂಲಕ ಡಂಡೀಯ ದುಡ್ಡು ಅಮೆರಿಕದ ರೈಲುಗಳಿಗೆ ಹೋಯಿತು.

ಹಾಗೇ ಯಂತ್ರಗಳು ಬಂಗಾಳಕ್ಕೆ ಹೋದವು. 1855ರಲ್ಲಿ ಹೂಗ್ಲಿ ನದಿಯ ದಂಡೆಯ ರಿಶ್ರಾದಲ್ಲಿ ಮೊದಲ ಸೆಣಬಿನ ಗಿರಣಿ ಶುರುವಾಯಿತು, ಡಂಡೀಯ ಯಂತ್ರಗಳಿಂದಲೇ. ಡಂಡೀಯ ಮೆಕ್ಯಾನಿಕ್‌ಗಳು, ಮೇಸ್ತ್ರಿಗಳು ಅಲ್ಲಿಗೆ ಹಡಗು ಹತ್ತಿದರು. ಊರಲ್ಲಿ ಹದಿನೆಂಟಕ್ಕೆ ಬೇಡವಾದ ಎಷ್ಟೋ ಗಂಡಸರಿಗೆ ಕೋಲ್ಕತ್ತಾದಲ್ಲಿ ಆಳುಕಾಳು ಸಮೇತ ಬಂಗಲೆ ಸಿಕ್ಕಿತು. ನಾರು ಬೆಳೆಯುವ ಕಡೆಯೇ ಗಿರಣಿ ಇದ್ದರೆ ಸಾಗಣೆ ಖರ್ಚಿಲ್ಲ. ಬಂಗಾಳದ ಕೂಲಿ ಡಂಡೀಯ ಹೆಂಗಸಿನ ಕೂಲಿಗಿಂತಲೂ ಕಡಿಮೆ. ಶತಮಾನ ಮುಗಿಯುವ ಹೊತ್ತಿಗೆ ಹೂಗ್ಲಿಯ ಗಿರಣಿಗಳು ಡಂಡೀಯನ್ನು ಹಿಂದೆ ಹಾಕಿದವು. ಅಲ್ಲಿಂದ ಮುಂದೆ ಡಂಡೀಯಲ್ಲಿ ಯಾರಾದರೂ ಕೂಲಿ ಹೆಚ್ಚಿಸಿ ಅಂತ ಕೇಳಿದರೆ ಮಾಲೀಕರ ಬಳಿ ಉತ್ತರ ಸಿದ್ಧವಿತ್ತು, ಕೋಲ್ಕತ್ತಾ ನೋಡಿ ಅಂತ. ಅಗ್ಗದ ಕೂಲಿಯನ್ನು ಹುಡುಕಿಕೊಂಡು ಹೆಂಗಸರ ಹತ್ತಿರ ಬಂದಿದ್ದ ಗಿರಣಿ, ಅದಕ್ಕಿಂತ ಅಗ್ಗದ ಕೂಲಿಯ ಕಡೆಗೆ ಹೊರಟಿತ್ತು.

ಸ್ಲೆಸರ್ ಮನೆಯಲ್ಲಿ ಅಪ್ಪ ತೀರಿಕೊಂಡ. ಬೆಳೆದಿದ್ದ ಒಬ್ಬನೇ ಗಂಡುಮಗನೂ ಕಾಯಿಲೆಗೆ ಹೋದ. ಉಳಿದದ್ದು ಅಮ್ಮ, ಮೇರಿ, ಇಬ್ಬರು ತಂಗಿಯರು. ನಾಲ್ವರೂ ಹೆಂಗಸರೇ ಇದ್ದ ಆ ಮನೆಯಲ್ಲಿ ಮೇರಿಯ ಮಗ್ಗದ ಕೂಲಿಯೇ ದೊಡ್ಡ ಆಸರೆ. 1876ರ ಆಗಸ್ಟಿನಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೆ, ಆಕೆ ಮಗ್ಗ ಬಿಟ್ಟು ಕಲಬಾರಿನ ಹಡಗು ಹತ್ತಿದಳು. ಅಲ್ಲಿ ಆಕೆ ಉಳಿದ ಬಿಳಿಯರ ಹಾಗೆ ಇರಲಿಲ್ಲ. ಸ್ಥಳೀಯರ ಊಟವನ್ನೇ ಉಣ್ಣುತ್ತಿದ್ದಳು, ಅವರಂಥದೇ ಮನೆಯಲ್ಲಿ ಇರುತ್ತಿದ್ದಳು. ಅದಕ್ಕೆ ಮನಸ್ಸಿನ ಕಾರಣವೂ ಇತ್ತು, ಲೆಕ್ಕದ ಕಾರಣವೂ ಇತ್ತು. ಹಾಗೆ ಉಳಿಸಿದ ಸಂಬಳದ ಒಂದು ಪಾಲು ಡಂಡೀಯಲ್ಲಿದ್ದ ಅಮ್ಮನಿಗೆ ಹೋಗಬೇಕಿತ್ತು.